ಎಪ್ಪತ್ತೊಂದು ನಿಮಿಷ ಮೂವತ್ತೈದು ಸೆಕೆಂಡ್

ಮಾವನ ಮನೆಯ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಒಂದು ಕ್ಯಾಲೆಂಡರ್ ಇದೆ. ತೀರ್ಥಹಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಇರುವ ಹಾಗೆ, ಅದರ ಒಂದೊಂದು ಚೌಕದಲ್ಲೂ ಏನಾದರೂ ಬರೆದಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮಳೆಗಾಲ ಶುರುವಾದರೆ ದಿನಕ್ಕೆ ಎಷ್ಟು ಮಿಲಿಮೀಟರ್ ಮಳೆ ಅನ್ನುವುದು. ಹೋದ ಬೇಸಿಗೆಯಲ್ಲಿ ಅದಕ್ಕೆ ಇನ್ನೊಂದು ಲೆಕ್ಕ ಸೇರಿತು. ಸೋಮವಾರದ ಚೌಕದಲ್ಲಿ 10.12 ಮತ್ತು 12.35. ಮಂಗಳವಾರ 11.15. ಬುಧವಾರ 11.07. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಮೋಟರ್ ನಿಂತಿತು’.

ಮೋಟರ್ ನಿಲ್ಲಿಸುತ್ತಿದ್ದದ್ದು ನಾನು ಮಾಡಿಕೊಟ್ಟ ಪೆಟ್ಟಿಗೆ. ಅಡಿಕೆ ತೋಟದ ಕೆಳಗೆ ಪಂಪ್‌ಸೆಟ್ ಮನೆ, ಮೇಲೆ ಟ್ಯಾಂಕು, ನಡುವೆ ವಾಸದ ಮನೆ. ಮೂರು ಕಡೆ ಮೂರು ಚಿಕ್ಕ ಬೋರ್ಡುಗಳು. ಅವು ರೇಡಿಯೊ ಮೂಲಕ ಮಾತಾಡಿಕೊಳ್ಳುತ್ತವೆ. ಟ್ಯಾಂಕು ತುಂಬಿದರೆ ಮೋಟರ್ ಆಫ್ ಆಗಬೇಕು. ಮನೆಯ ಬೋರ್ಡಿನ ಜತೆ ಸಂಪರ್ಕ ತಪ್ಪಿದರೂ ಆಫ್ ಆಗಬೇಕು, ಯಾಕೆಂದರೆ ಟ್ಯಾಂಕಿನ ಸುದ್ದಿ ಗೊತ್ತಿಲ್ಲದೆ ಮೋಟರ್ ಓಡಿಸೋದು ಸರಿಯಲ್ಲ. ಎರಡನೆಯ ನಿಯಮವನ್ನು ನಾನೇ ಹಾಕಿದ್ದೆ. ಅದು ದಿನಕ್ಕೆ ಒಂದೆರಡು ಸಲ ಕಾರಣವಿಲ್ಲದೆ ಕೆಲಸ ಮಾಡುತ್ತಿತ್ತು.

“ಎಂತ ಮಾರಾಯ, ಇದು ಸುಮ್ನೆ ನಿಲ್ತದಲ್ಲ” ಅಂತ ಮಾವ ಫೋನ್ ಮಾಡಿದರು. ನಾನು ಆಂಟೆನಾ ಅಂದುಕೊಂಡೆ. ತೋಟದಲ್ಲಿ ಎಲೆ, ನೀರು, ತೇವ ಎಲ್ಲ ಜಾಸ್ತಿ, 2.4 ಗಿಗಾಹರ್ಟ್ಸ್ ರೇಡಿಯೊಗೆ ಅದು ಕಷ್ಟದ ಜಾಗ. ಊರಿಗೆ ಹೋಗಿ ಆಂಟೆನಾ ಬದಲಿಸಿದೆ. ಆಮೇಲೆ ಪವರ್ ಸಪ್ಲೈ ಬದಲಿಸಿದೆ. ಏನೂ ವ್ಯತ್ಯಾಸವಾಗಲಿಲ್ಲ. ಕೊನೆಗೆ ಮಾವನೇ ಹೇಳಿದರು, “ನಾನು ನಿಂತ ಹೊತ್ತು ಬರೆದಿಟ್ಟಿದ್ದೇನೆ, ನಿಂಗೆ ಬೇಕಾ?” ಅಂತ. ಮೋಟರಿನ ಸದ್ದು ನಿಂತ ಕೂಡಲೇ ಗಡಿಯಾರ ನೋಡಿ ಬರೆಯುತ್ತಿದ್ದರಂತೆ. ನಾನು ಕ್ಯಾಲೆಂಡರಿನ ಫೋಟೋ ತೆಗೆದುಕೊಂಡು ಬೆಂಗಳೂರಿಗೆ ಬಂದೆ.

ಆ ರಾತ್ರಿ ಕಳೆಯುವ ಲೆಕ್ಕ ಹಾಕಿದೆ. ಮೊದಲ ಎರಡರ ನಡುವೆ 143 ನಿಮಿಷ. 12.35ರಿಂದ ಮಾರನೆಯ ದಿನ 11.15ರವರೆಗೆ 1360 ನಿಮಿಷ. ಅಲ್ಲಿಂದ ಬುಧವಾರದ 11.07ಕ್ಕೆ 1432 ನಿಮಿಷ. ಮೂರಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ 143ನ್ನು 2ರಿಂದ ಭಾಗಿಸಿ, 1360ನ್ನು 19ರಿಂದ, 1432ನ್ನು 20ರಿಂದ. ಮೂರೂ ಕಡೆ ಎಪ್ಪತ್ತೊಂದೂವರೆ ನಿಮಿಷದ ಆಸುಪಾಸಿನಲ್ಲೇ ಉತ್ತರ ಬರುತ್ತದೆ.

ಈ ಕಸುಬಿನವರಿಗೆ ಆ ಸಂಖ್ಯೆ ಕಂಡರೆ ಮೈ ಜುಂ ಅನ್ನುತ್ತದೆ. 32 ಬಿಟ್ಟಿನ ಕೌಂಟರ್ ಒಂದರಲ್ಲಿ ಮೈಕ್ರೋಸೆಕೆಂಡುಗಳನ್ನು ಎಣಿಸುತ್ತಾ ಹೋದರೆ, ಅದು 4,29,49,67,295ರವರೆಗೆ ಹೋಗಿ ಮತ್ತೆ ಸೊನ್ನೆಗೆ ಬರುತ್ತದೆ. ಅದಕ್ಕೆ ಹಿಡಿಯುವ ಸಮಯ 71 ನಿಮಿಷ 35 ಸೆಕೆಂಡ್. ಅಂದರೆ ತೊಂದರೆ ತೋಟದಲ್ಲಿ ಇರಲಿಲ್ಲ, ಆಂಟೆನಾದಲ್ಲೂ ಇರಲಿಲ್ಲ. ಬೋರ್ಡಿನ ಒಳಗೆ, ಅದನ್ನು ನಡೆಸುವ ಓಎಸ್‌ನ (ಆಪರೇಟಿಂಗ್ ಸಿಸ್ಟಮ್‌ನ) ನೆಟ್‌ವರ್ಕ್ ಲೈಬ್ರರಿಯ, ಅಂದರೆ ಸಂದೇಶ ಕಳಿಸಿ ಪಡೆಯುವ ಸಿದ್ಧ ಕೋಡಿನ, ಒಂದು ಸಾಲಿನಲ್ಲಿ ಇತ್ತು.

ಆ ಓಎಸ್‌ನ ಹೆಸರು ಇಲ್ಲಿ ಬೇಡ. ರಯಟ್, ಝೆಫಿರ್, ಕಂಟಿಕಿ ತರಹ ಚಿಕ್ಕ ಯಂತ್ರಗಳಿಗಾಗಿ ಇರುವ ಓಎಸ್‌ಗಳ ಕುಟುಂಬದ್ದು ಅಂದರೆ ಸಾಕು. ಎಷ್ಟು ಚಿಕ್ಕ ಯಂತ್ರ ಅಂತ ಹೇಳಲೇಬೇಕು, ಯಾಕೆಂದರೆ ಮುಂದಿನ ಎಲ್ಲ ಕಥೆಯೂ ಅದರಿಂದಲೇ ಹುಟ್ಟುವುದು. ಇಂಟರ್ನೆಟ್ಟಿನ ನಿಯಮ, ವಿವರಗಳನ್ನು ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. 2014ರ ಆರ್‌ಎಫ್‌ಸಿ 7228 ಇಂಥ ಯಂತ್ರಗಳನ್ನು ವರ್ಗ ಮಾಡಿ ಇಡುತ್ತದೆ. ಅದರ ಪ್ರಕಾರ ‘ವರ್ಗ 1’ ಅಂದರೆ ಸುಮಾರು 10 ಕಿಲೋಬೈಟ್ ರ‍್ಯಾಮ್, 100 ಕಿಲೋಬೈಟ್ ಕೋಡ್. ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕೂ ಅಲ್ಲಿ ಜಾಗ ಸಾಲದು. ಅಷ್ಟರಲ್ಲೇ ರೇಡಿಯೊ ನಡೆಸಬೇಕು, ಇಂಟರ್ನೆಟ್ಟಿನ ಭಾಷೆಯಾದ ಐಪಿವಿ6 ಮಾತಾಡಬೇಕು, ಮೇಲಿನ ಅಪ್ಲಿಕೇಶನ್‌ಗೂ ಜಾಗ ಬಿಡಬೇಕು. 802.15.4 ಅನ್ನುವ ಮಾನದಂಡದ ಇಂಥ ರೇಡಿಯೊದಲ್ಲಿ ಒಂದು ಫ್ರೇಮ್, ಅಂದರೆ ಒಂದೇ ಸಲಕ್ಕೆ ಕಳಿಸುವ ತುಂಡು, ಹೆಚ್ಚೆಂದರೆ 127 ಬೈಟ್. ಐಪಿವಿ6 ಹೇಳುವುದು, ಕನಿಷ್ಠ 1280 ಬೈಟಿನ ಪ್ಯಾಕೆಟ್ ಸಾಗಿಸುವ ಶಕ್ತಿ ಇರಬೇಕು ಅಂತ. ಅದರ ಹೆಡರೇ, ಅಂದರೆ ವಿಳಾಸ ಇತ್ಯಾದಿ ಬರೆದ ತಲೆಬರಹವೇ, 40 ಬೈಟ್. ಇವೆರಡನ್ನೂ ಹೊಂದಿಸೋಕೆ ಸಿಕ್ಸ್‌ಲೋಪ್ಯಾನ್ ಅಂತ ಒಂದು ಪದರ ಇದೆ. ಅನುಕೂಲ ಕೂಡಿಬಂದರೆ ಅದು 40 ಬೈಟನ್ನು ಎರಡೇ ಬೈಟಿಗೆ ಇಳಿಸಬಲ್ಲದು. ಎರಡೂ ತುದಿಗೆ ಮೊದಲೇ ಗೊತ್ತಿರುವುದನ್ನು ಮತ್ತೆ ಹೇಳುವುದೇ ಇಲ್ಲ, ಅದೇ ಅದರ ಉಪಾಯ.

ಹೀಗೆ ಇಕ್ಕಟ್ಟಿನಲ್ಲಿ ಬರೆದ ಕೋಡಿನ ತುಂಬ ‘ಇಷ್ಟು ಸಾಕು’ ಅನ್ನುವ ತೀರ್ಮಾನಗಳು ಇರುತ್ತವೆ. ಈ ಬಫರ್‌ಗೆ (ತಾತ್ಕಾಲಿಕ ಜಾಗಕ್ಕೆ) 128 ಬೈಟ್ ಸಾಕು. ಉತ್ತರಕ್ಕೆ ಕಾಯುವ ಮನವಿಗಳು ಒಂದೇ ಸಲಕ್ಕೆ ಎರಡು ಸಾಕು. ಸಮಯಕ್ಕೆ 32 ಬಿಟ್ ಸಾಕು. ಬರೆದವರು ಸೋಮಾರಿಗಳಲ್ಲ. ಬೈಟಿಗೆ ಬೈಟು ಲೆಕ್ಕ ಹಾಕಿ, ಯೋಚಿಸಿಯೇ ಬರೆದದ್ದು. ಆದರೆ ಆ ‘ಸಾಕು’ ಯಾವ ಲೆಕ್ಕದ ಮೇಲೆ ಸಾಕು ಅನ್ನುವುದು ಕೋಡಿನಲ್ಲಿ ಉಳಿಯುವುದಿಲ್ಲ. ಬರೆದವರ ತಲೆಯಲ್ಲಿ ಇರುತ್ತದೆ, ಅವರು ಬೇರೆ ಕೆಲಸಕ್ಕೆ ಹೋದಾಗ ಅವರ ಜತೆಗೇ ಹೋಗುತ್ತದೆ. ಐದಾರು ವರ್ಷ ಈ ಲೈಬ್ರರಿಗಳನ್ನು ರಿಪೇರಿ ಮಾಡಿದ ಮೇಲೆ ನನಗೆ ಅನ್ನಿಸುವುದು ಇದು: ನಾನು ಹುಡುಕುತ್ತಿರುವುದು ತಪ್ಪನ್ನಲ್ಲ, ಯಾರೋ ಹೇಳದೆ ಬಿಟ್ಟುಹೋದ ಆ ಲೆಕ್ಕವನ್ನು.

ನಮ್ಮ ಬೋರ್ಡುಗಳು ಮಾತಾಡುತ್ತಿದ್ದದ್ದು ಕೋಆಪ್ ಪ್ರೋಟೋಕಾಲ್‌ನಲ್ಲಿ. ವೆಬ್ ಪುಟ ತರುವ ಎಚ್‌ಟಿಟಿಪಿಯ ಚಿಕ್ಕ ತಮ್ಮ ಅನ್ನಬಹುದು. ತಲುಪುವ ಖಾತ್ರಿ ಕೊಡದ ಯುಡಿಪಿ ಮೇಲೆ ಓಡುತ್ತದೆ, ಆದ್ದರಿಂದ ಸಂದೇಶ ತಲುಪಿತಾ ಇಲ್ಲವಾ ಅನ್ನುವುದನ್ನು ಅದೇ ನೋಡಿಕೊಳ್ಳಬೇಕು. ಒಂದು ಸಂದೇಶ ಕಳಿಸಿ ಎರಡರಿಂದ ಮೂರು ಸೆಕೆಂಡ್ ಕಾಯಬೇಕು. ತಲುಪಿದ ಸುದ್ದಿ ಬರದಿದ್ದರೆ ಮತ್ತೆ ಕಳಿಸಿ ಅದರ ಎರಡರಷ್ಟು ಹೊತ್ತು ಕಾಯಬೇಕು. ಹೀಗೆ ನಾಲ್ಕು ಸಲ ಮತ್ತೆ ಕಳಿಸಿ, ಕೊನೆಗೆ ಕೈಬಿಡಬೇಕು. ಇಷ್ಟಕ್ಕೆ ಹೆಚ್ಚೆಂದರೆ 93 ಸೆಕೆಂಡ್ ಅಂತ ಆರ್‌ಎಫ್‌ಸಿ 7252 ಲೆಕ್ಕ ಕೊಡುತ್ತದೆ. ತುಂಬಾ ತಾಳ್ಮೆಯ ನಿಯಮ. ನಷ್ಟ ಜಾಸ್ತಿ ಇರುವ ರೇಡಿಯೊಗೆ ಆ ತಾಳ್ಮೆ ಬೇಕೇ ಬೇಕು.

ಲೈಬ್ರರಿ ಏನು ಮಾಡುತ್ತಿತ್ತು? ಈಗಿನ ಸಮಯಕ್ಕೆ ಎರಡೂವರೆ ಸೆಕೆಂಡ್ ಕೂಡಿಸಿ ‘ಗಡುವು’ ಅಂತ ಇಟ್ಟುಕೊಳ್ಳುತ್ತಿತ್ತು. ಆಮೇಲೆ ಆಗಾಗ ಎದ್ದು, ಈಗಿನ ಸಮಯ ಗಡುವಿಗಿಂತ ದೊಡ್ಡದಾ ಅಂತ ನೋಡುತ್ತಿತ್ತು. ದೊಡ್ಡದಾದರೆ ಹೊತ್ತು ಮೀರಿತು ಅಂತ ಅರ್ಥ. ಓದಿದರೆ ಸರಿಯಾಗೇ ಕಾಣುತ್ತದೆ, ಅಲ್ವಾ?

ಗೋಡೆ ಗಡಿಯಾರ ನೋಡಿ. ಬೆಳಗ್ಗೆ ಹನ್ನೊಂದಕ್ಕೆ ಯಾರೋ “ಎರಡು ಗಂಟೆ ಬಿಟ್ಟು ಬನ್ನಿ” ಅಂದರೆ ಒಂದು ಗಂಟೆಗೆ ಹೋಗುತ್ತೇವೆ. ಒಂದು ಅನ್ನುವುದು ಹನ್ನೊಂದಕ್ಕಿಂತ ಚಿಕ್ಕದು, ಆದ್ದರಿಂದ ಹೊತ್ತು ಆಗಲೇ ಮೀರಿಹೋಗಿದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಲೈಬ್ರರಿ ಅಂದುಕೊಳ್ಳುತ್ತಿತ್ತು. ಕೌಂಟರ್ ಸುತ್ತಿ ಸೊನ್ನೆಗೆ ಬರುವ ಮುಂಚಿನ ಎರಡು ಮೂರು ಸೆಕೆಂಡಿನಲ್ಲಿ ಸಂದೇಶ ಹೊರಟರೆ, ಅದರ ಗಡುವು ಸುತ್ತಿನ ಆಚೆ ಬಿದ್ದು ಚಿಕ್ಕ ಸಂಖ್ಯೆಯಾಗುತ್ತಿತ್ತು. ಕೂಡಲೇ ಹೊತ್ತು ಮೀರಿತು ಅನ್ನುವ ತೀರ್ಮಾನ. ಮತ್ತೆ ಕಳಿಸು. ಮುಂದಿನ ಗಡುವೂ ಆಚೆಯೇ. ಮತ್ತೆ ಕಳಿಸು. ಒಂದೂವರೆ ನಿಮಿಷದ ತಾಳ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗಿ, ‘ಆ ಕಡೆ ಯಾರೂ ಇಲ್ಲ’ ಅನ್ನುವ ಉತ್ತರ ನನ್ನ ಅಪ್ಲಿಕೇಶನ್‌ಗೆ ಬರುತ್ತಿತ್ತು. ಅದು ತನಗೆ ಹೇಳಿದ್ದನ್ನು ಮಾಡುತ್ತಿತ್ತು. ಮೋಟರ್ ಆಫ್.

ಮನೆಯ ಬೋರ್ಡಿನ ಲಾಗಿನಲ್ಲಿ ಇದರ ಗುರುತು ಮೊದಲಿನಿಂದಲೂ ಇತ್ತು. ಒಂದೇ ಸಂದೇಶ ಸಂಖ್ಯೆ, ಒಂದೇ ಸೆಕೆಂಡಿನಲ್ಲಿ ಐದು ಸಲ. ಅದನ್ನು ನೋಡಿಯೇ ನಾನು ರೇಡಿಯೊ ಸರಿಯಿಲ್ಲ ಅಂತ ಆಂಟೆನಾ ಬದಲಿಸಿದ್ದು. ಬೋರ್ಡು ಮಾತಾಡುತ್ತಿದ್ದದ್ದು ಇಪ್ಪತ್ತು ಸೆಕೆಂಡಿಗೊಮ್ಮೆ. ಎಲ್ಲ ಬೋರ್ಡುಗಳೂ ಒಂದೇ ಗಳಿಗೆಯಲ್ಲಿ ಬಾಯಿ ತೆರೆಯಬಾರದು ಅಂತ ಅದರಲ್ಲೂ ಸ್ವಲ್ಪ ಹಿಂದೆ ಮುಂದೆ ಮಾಡಿದ್ದೆ. ಹಾಗಾಗಿ ಎಲ್ಲ ಸುತ್ತಿನಲ್ಲೂ ಸಂದೇಶ ಆ ಎರಡು ಮೂರು ಸೆಕೆಂಡಿನ ಕಿಟಕಿಗೆ ಬೀಳುತ್ತಿರಲಿಲ್ಲ. ಎಂಟರಲ್ಲಿ ಒಂದು ಸಲ ಬೀಳುತ್ತಿತ್ತು. ಮೇಜಿನ ಮೇಲೆ ಒಂದು ಗಂಟೆ ಓಡಿಸಿ “ಸರಿಯಿದೆ” ಅಂದವರಿಗೆ ಇದು ಯಾವತ್ತೂ ಕಾಣುವುದಿಲ್ಲ.

ಇಂಥದ್ದು ಹೊಸದೇನಲ್ಲ. ವಿಂಡೋಸ್ 95ರಲ್ಲಿ ಮಿಲಿಸೆಕೆಂಡ್ ಎಣಿಸುವ 32 ಬಿಟ್ಟಿನ ಕೌಂಟರ್ 49.7 ದಿನಕ್ಕೆ ಸುತ್ತುತ್ತಿತ್ತು, ಕಂಪ್ಯೂಟರ್ ಅಲ್ಲೇ ನಿಂತುಬಿಡುತ್ತಿತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ, ಬೋಯಿಂಗ್ 787 ವಿಮಾನಗಳ ಜನರೇಟರ್ ನಿಯಂತ್ರಕಗಳು 248 ದಿನ ನಿರಂತರವಾಗಿ ಆನ್ ಇದ್ದರೆ ಒಳಗಿನ ಕೌಂಟರ್ ಉಕ್ಕಿ ವಿದ್ಯುತ್ ಕೈಕೊಡಬಹುದು ಅಂತ ಆದೇಶ ಹೊರಡಿಸಿತು. ಪರಿಹಾರವೂ ಬಹಳ ಹಳೆಯದು. ಇಂಟರ್ನೆಟ್ಟಿನಲ್ಲಿ ಡೇಟಾ ಖಾತ್ರಿಯಾಗಿ ತಲುಪಿಸುವ ಟಿಸಿಪಿಯ ಸೀಕ್ವೆನ್ಸ್ ನಂಬರುಗಳು (ಬೈಟುಗಳ ಕ್ರಮಸಂಖ್ಯೆಗಳು) ಮೊದಲ ದಿನದಿಂದಲೇ ಹೀಗೆ ಸುತ್ತುವ ಸಂಖ್ಯೆಗಳು. ಸುತ್ತುವ ಸಂಖ್ಯೆಗಳನ್ನು ಹೇಗೆ ಹೋಲಿಸಬೇಕು ಅನ್ನುವುದಕ್ಕೇ 1996ರಲ್ಲಿ ಒಂದು ಪ್ರತ್ಯೇಕ ಆರ್‌ಎಫ್‌ಸಿ ಬಂದಿದೆ. ಯಾವುದು ದೊಡ್ಡದು ಅಂತ ಕೇಳಬಾರದು. ಈಗಿನ ಸಮಯದಿಂದ ಗಡುವನ್ನು ಕಳೆದು, ಬಂದ ಉತ್ತರವನ್ನು ಪ್ಲಸ್ ಮೈನಸ್ ಇರುವ ಸಂಖ್ಯೆಯಾಗಿ ಓದಬೇಕು. ಮೈನಸ್ ಬಂದರೆ ಗಡುವು ಇನ್ನೂ ಮುಂದಿದೆ, ಪ್ಲಸ್ ಬಂದರೆ ಮೀರಿದೆ.

ನಾನು ಓಎಸ್‌ನವರಿಗೆ ಮೊದಲು ಕಳಿಸಿದ ಪ್ಯಾಚ್ (ಕೋಡಿನ ತಿದ್ದುಪಡಿ) ಇದಲ್ಲ. ಸಮಯವನ್ನೇ 64 ಬಿಟ್ಟಿಗೆ ಏರಿಸಿದ್ದೆ. ಐದು ಲಕ್ಷ ವರ್ಷ ಸುತ್ತುವುದೇ ಇಲ್ಲ, ಮತ್ತೆ ಯೋಚನೆಯೇ ಬೇಡ ಅಂತ. ರಿವ್ಯೂ ಮಾಡಿದವರು ದೂರದ ದೇಶದವರು, ಮುಖ ನೋಡಿಲ್ಲ. ಅವರು ಸಾವಧಾನವಾಗಿ ಬರೆದರು. ಈ ಓಎಸ್ 16 ಬಿಟ್ ಪ್ರೊಸೆಸರ್‌ಗಳಲ್ಲೂ ಓಡುತ್ತದೆ. ಅಲ್ಲಿ 64 ಬಿಟ್ ಸಂಖ್ಯೆ ಓದುವುದು ನಾಲ್ಕು ತುಂಡಿನ ಕೆಲಸ. ನಡುವೆ ಇಂಟರಪ್ಟ್, ಅಂದರೆ ಕೆಲಸ ನಿಲ್ಲಿಸಿ ಬೇರೆಡೆ ಗಮನ ಕೊಡಿಸುವ ಸೂಚನೆ, ಬಂದರೆ ಅರ್ಧ ಹಳೆಯದು ಅರ್ಧ ಹೊಸದು ಸಿಗುತ್ತದೆ. ಅದನ್ನು ತಡೆಯೋಕೆ ಇಂಟರಪ್ಟ್ ಮುಚ್ಚಿದರೆ ರೇಡಿಯೊ ತನ್ನ ಗಳಿಗೆ ತಪ್ಪಿಸಿಕೊಳ್ಳುತ್ತದೆ. ನನ್ನ ತೋಟದ ತೊಂದರೆ ಸರಿಮಾಡಲು ಹೋಗಿ ಬೇರೆಯವರ ತೋಟದಲ್ಲಿ ತೊಂದರೆ ಹುಟ್ಟಿಸುತ್ತಿದ್ದೆ. ಅವರು ಹೇಳಿದ್ದು ಸರಿ ಇತ್ತು. ಪ್ಯಾಚ್ ವಾಪಸ್ ತಗೊಂಡು, ಕಳೆಯುವ ಉಪಾಯ ಹಾಕಿದೆ. ಅದಕ್ಕೂ ಒಂದು ಮಿತಿ ಇದೆ. ಗಡುವು ಅರ್ಧ ಸುತ್ತಿಗಿಂತ, ಅಂದರೆ 35 ನಿಮಿಷ 47 ಸೆಕೆಂಡಿಗಿಂತ ದೂರ ಇರಬಾರದು. ಈ ಸಲ ಆ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಳ್ಳಲಿಲ್ಲ. ಕಾಮೆಂಟಿನಲ್ಲಿ ಬರೆದೆ. ಅದಕ್ಕಿಂತ ದೂರದ ಗಡುವು ಕೊಟ್ಟರೆ ಅಲ್ಲೇ ತಡೆದು ನಿಲ್ಲಿಸುವ ಪರೀಕ್ಷೆಯನ್ನೂ ಹಾಕಿದೆ.

ಅವರು ಇನ್ನೂ ಎರಡು ಪ್ರಶ್ನೆ ಕೇಳಿದ್ದರು. ಇದೇ ತರಹದ ಸಾಲು ಬೇರೆ ಎಲ್ಲಿದೆ? ಇದಕ್ಕೆ ಟೆಸ್ಟ್ ಎಲ್ಲಿ?

ಮೊದಲನೆಯದಕ್ಕೆ ಹುಡುಕಿದೆ. ಇನ್ನೂ ನಾಲ್ಕು ಕಡೆ ಸಿಕ್ಕಿತು. ಎರಡನೆಯದು ನಿಜವಾಗಿ ಕಷ್ಟದ್ದು. ಪ್ರತಿ ಸಲ 71 ನಿಮಿಷ ಕಾಯುವ ಟೆಸ್ಟನ್ನು ಯಾರು ಓಡಿಸುತ್ತಾರೆ? ಇಲ್ಲಿ ಲಿನಕ್ಸ್ ಕರ್ನಲ್‌ನ ಒಂದು ಹಳೆಯ ಪದ್ಧತಿ ಕೈಹಿಡಿಯಿತು. ಅದರ ಸಮಯದ ಕೌಂಟರ್ ಸೊನ್ನೆಯಿಂದ ಶುರುವಾಗುವುದಿಲ್ಲ. 32 ಬಿಟ್ಟಿನ ಲೆಕ್ಕದಲ್ಲಿ, ಬೂಟ್ ಆಗಿ ಐದು ನಿಮಿಷಕ್ಕೆ ಸುತ್ತುವ ಹಾಗೆ ಬೇಕಂತಲೇ ಮುಂದಿಟ್ಟು ಶುರುಮಾಡುತ್ತಾರೆ. ಸುತ್ತುವಾಗ ಮುರಿಯುವ ಡ್ರೈವರ್ ಇದ್ದರೆ ವಾರಗಟ್ಟಲೆ ಕಾದು ಯಾರದೋ ಮನೆಯಲ್ಲಿ ಮುರಿಯುವುದು ಬೇಡ, ಬರೆದವರ ಮೇಜಿನ ಮೇಲೇ ಐದು ನಿಮಿಷದಲ್ಲಿ ಮುರಿಯಲಿ ಅಂತ. ಇದನ್ನು ಮೊದಲ ಸಲ ಓದಿದಾಗ ಆದ ಸಂತೋಷ ಇವತ್ತಿಗೂ ನೆನಪಿದೆ. ನಮ್ಮ ಟೆಸ್ಟ್ ಬಿಲ್ಡಿನಲ್ಲೂ ಹಾಗೇ ಮಾಡಿದೆವು, ಬೂಟ್ ಆದ ಒಂದು ನಿಮಿಷಕ್ಕೆ ಸುತ್ತುತ್ತದೆ. ಹಾಕಿದ ಮಾರನೆಯ ದಿನವೇ ನಾನು ಹುಡುಕಿ ತಪ್ಪಿಸಿಕೊಂಡಿದ್ದ ಐದನೆಯ ಜಾಗ ತಾನಾಗಿ ಸಿಕ್ಕಿತು.

ಆ ಹಳೆಯ ಸಾಲನ್ನು ಬರೆದವರು ಯಾರು ಅಂತ ಹಿಂದಿನ ಕಮಿಟ್‌ಗಳಲ್ಲಿ (ಕೋಡಿನ ಬದಲಾವಣೆಗಳ ದಾಖಲೆಯಲ್ಲಿ) ನೋಡಿದೆ. ಬೈಯಲು ಅಲ್ಲ. ಅವರ ಲೆಕ್ಕ ಏನಿತ್ತು ಅಂತ ತಿಳಿಯಲು. ಅವರು ಅದನ್ನು ಬರೆದದ್ದು ರೇಡಿಯೊ ಪದರಕ್ಕೆ. ಅಲ್ಲಿ ಕಾಯುವುದು ಕೆಲವೇ ಮಿಲಿಸೆಕೆಂಡ್, ಮೈಕ್ರೋಸೆಕೆಂಡ್ ನಿಖರತೆ ಬೇಕು. ಕಿಟಕಿ ಅಷ್ಟು ಚಿಕ್ಕದಿದ್ದಾಗ, ತಪ್ಪಿದರೂ ಒಂದು ಫ್ರೇಮ್ ಮತ್ತೆ ಹೋಗುತ್ತದೆ ಅಷ್ಟೇ. ಅಲ್ಲಿಗೆ ಅದು ನಿಜವಾಗಿಯೂ ಸಾಕಾಗಿತ್ತು. ವರ್ಷಗಳ ನಂತರ ಇನ್ಯಾರೋ ಅದೇ ಸಾಲನ್ನು ಎತ್ತಿ ಸೆಕೆಂಡುಗಟ್ಟಲೆ ಕಾಯುವ ಕೋಆಪ್‌ಗೆ ಹಾಕಿದರು.

ಅಲ್ಲಿಂದ ಮುಂದೆ ನನಗೆ ಇದೇ ಹುಚ್ಚು ಹಿಡಿಯಿತು. ಆಫೀಸಿನ ಕೆಲಸ ಮುಗಿದ ಮೇಲೆ ದಿನಕ್ಕೊಂದು ಗಂಟೆ ಲೈಬ್ರರಿಯ ಒಂದೊಂದು ಫೈಲ್ ಓದುತ್ತೇನೆ. ಒಂದು ಕೈಯಲ್ಲಿ ಆರ್‌ಎಫ್‌ಸಿ, ಒಂದು ಕೈಯಲ್ಲಿ ಕೋಡ್.

ಕೆಲವು ಬಗ್‌ಗಳು ಯಂತ್ರ ಬದಲಾದಾಗ ಮಾತ್ರ ಬರುತ್ತವೆ. ಮೇಜಿನ ಮೇಲೆ ಎರಡು ಬೋರ್ಡು ಇಟ್ಟಿದ್ದೆ, ಒಂದರಲ್ಲಿ ಕಾರ್ಟೆಕ್ಸ್-ಎಂ4 ಪ್ರೊಸೆಸರ್, ಇನ್ನೊಂದರಲ್ಲಿ ಅಗ್ಗದ ಕಾರ್ಟೆಕ್ಸ್-ಎಂ0+. ಒಂದೇ ಕೋಡ್, ಒಂದೇ ಪ್ಯಾಕೆಟ್. ಮೊದಲನೆಯದರ ಎಲ್‌ಇಡಿ ಮಿಟುಕುತ್ತಲೇ ಇತ್ತು, ಎರಡನೆಯದು ತಟಸ್ಥ. ಕಾರಣ, ಪ್ಯಾಕೆಟ್ಟಿನ ಒಳಗಿನ ಎರಡು ಬೈಟಿನ ಸಂಖ್ಯೆಯನ್ನು ಕೋಡ್ ಒಂದೇ ಸಲಕ್ಕೆ ಓದುತ್ತಿತ್ತು. ಎಂ4 ಮೆಮೊರಿಯ ಬೆಸ ವಿಳಾಸದಿಂದಲೂ ಹಾಗೆ ಓದಬಲ್ಲದು. ಎಂ0+ ಓದಲಾರದು, ನೇರ ಹಾರ್ಡ್‌ಫಾಲ್ಟ್, ಅಂದರೆ ಅಲ್ಲೇ ಸ್ತಬ್ಧ. ಹೆಡರ್ ಕುಗ್ಗಿಸುವುದೇ ಸಿಕ್ಸ್‌ಲೋಪ್ಯಾನ್‌ನ ಕೆಲಸ, ಕುಗ್ಗಿದ ಮೇಲೆ ಮುಂದಿನದು ಬೆಸ ವಿಳಾಸಕ್ಕೆ ಬೀಳುವುದು ಸಹಜ. ಒಂದೊಂದೇ ಬೈಟ್ ಓದಿ ಜೋಡಿಸಿದರೆ ಮುಗಿಯಿತು. ನೆಟ್‌ವರ್ಕಿನಲ್ಲಿ ದೊಡ್ಡ ಬೈಟ್ ಮೊದಲು ಬರುವ ಲೆಕ್ಕವೂ ಅದರಲ್ಲೇ ಸರಿಯಾಗುತ್ತದೆ.

ಇನ್ನೊಂದು ಬಗ್ ಕೋಆಪ್ ಸಂದೇಶದ ಜತೆ ಹೋಗುವ ಆಪ್ಷನ್‌ಗಳದ್ದು (ಹೆಚ್ಚುವರಿ ವಿವರಗಳದ್ದು). ಆಪ್ಷನ್ ಎಷ್ಟು ಉದ್ದ ಅನ್ನುವುದಕ್ಕೆ ನಾಲ್ಕು ಬಿಟ್ ಇಟ್ಟಿದ್ದಾರೆ. 12ರವರೆಗೆ ನೇರ ಸಂಖ್ಯೆ. 13 ಅಂತಿದ್ದರೆ ಮುಂದೆ ಇನ್ನೊಂದು ಬೈಟ್ ಇದೆ, 14 ಅಂತಿದ್ದರೆ ಎರಡು ಬೈಟ್ ಇವೆ, ಆ ಎರಡು ಬೈಟಿನ ಸಂಖ್ಯೆಗೆ 269 ಕೂಡಿಸಬೇಕು. ಚಂದದ ಉಪಾಯ, ಒಂದು ಬೈಟೂ ಪೋಲಾಗುವುದಿಲ್ಲ. ನಮ್ಮ ಕೋಡ್ ಉತ್ತರವನ್ನು 16 ಬಿಟ್ಟಿನಲ್ಲಿ ಇಡುತ್ತಿತ್ತು. ಎರಡು ಬೈಟಿನಲ್ಲಿ 65267 ಅಂತ ಬರೆದು ಕಳಿಸಿದರೆ? 269 ಕೂಡಿಸಿದರೆ 65536. 16 ಬಿಟ್ಟಿನಲ್ಲಿ ಅದು ಸೊನ್ನೆ. ‘ಉದ್ದ ಪ್ಯಾಕೆಟ್ಟಿಗಿಂತ ಜಾಸ್ತಿ ಇದೆಯಾ’ ಅನ್ನುವ ತಪಾಸಣೆ ಸೊನ್ನೆಯನ್ನು ನೋಡಿ ಒಳಗೆ ಬಿಡುತ್ತದೆ. ಬಾಗಿಲಲ್ಲೇ ತಡೆಯಬೇಕಾದ ಪ್ಯಾಕೆಟ್ ಒಳಗೆ ಬಂದು, ಅದರ ಉಳಿದ ಬೈಟುಗಳೆಲ್ಲ ಬೇರೆ ಬೇರೆ ಆಪ್ಷನ್‌ಗಳಾಗಿ ಕಾಣತೊಡಗುತ್ತವೆ. ಸಹಜವಾಗಿ ಯಾವ ಬೋರ್ಡೂ ಇಂಥದ್ದನ್ನು ಕಳಿಸುವುದಿಲ್ಲ. ಇದು ಸಿಕ್ಕಿದ್ದು ಫಜ್ಜರ್‌ನಿಂದ, ಅಂದರೆ ಅಡ್ಡಾದಿಡ್ಡಿ ಡೇಟಾ ಕಳಿಸಿ ಪರೀಕ್ಷಿಸುವ ಪ್ರೋಗ್ರಾಮಿನಿಂದ. ಈ ಓಎಸ್‌ಗಳನ್ನು ಲ್ಯಾಪ್‌ಟಾಪಿನಲ್ಲೇ ಸಾಧಾರಣ ಲಿನಕ್ಸ್ ಪ್ರೋಗ್ರಾಮಿನ ಹಾಗೆ ಓಡಿಸಬಹುದು. ರಾತ್ರಿ ಮಲಗುವಾಗ ಫಜ್ಜರ್ ಹಚ್ಚಿದರೆ ಬೆಳಗಾಗುವುದರೊಳಗೆ ಅದು ಮನುಷ್ಯರು ಯೋಚಿಸದ ಪ್ಯಾಕೆಟ್‌ಗಳನ್ನೆಲ್ಲ ಕಳಿಸಿ ನೋಡಿರುತ್ತದೆ.

ವೆಬ್ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲೂ ಇಂಥದ್ದಿದೆ. ಹೆಸರು ಪದೇ ಪದೇ ಬರೆಯುವ ಬದಲು ‘ಇಷ್ಟನೇ ಬೈಟಿನಲ್ಲಿ ನೋಡು’ ಅಂತ ಬೊಟ್ಟು ತೋರಿಸಲು 1980ರ ದಶಕದಿಂದಲೂ ಅವಕಾಶ ಇದೆ. ಆ ಬೊಟ್ಟು ತನ್ನನ್ನೇ ತೋರಿಸಿದರೆ, ಹುಷಾರಿಲ್ಲದ ಲೈಬ್ರರಿ ಅಲ್ಲೇ ಗಿರಕಿ ಹೊಡೆಯುತ್ತದೆ. 2021ರಲ್ಲಿ ನೇಮ್‌ರೆಕ್ ಅನ್ನುವ ಹೆಸರಿನಲ್ಲಿ ಹೊರಬಂದ ದೋಷಗಳ ಗುಂಪು ಬಹುಪಾಲು ಇದೇ ಬೊಟ್ಟಿನ ಸುತ್ತ ಇದ್ದದ್ದು. ಬೊಟ್ಟು ಯಾವಾಗಲೂ ಹಿಂದಕ್ಕೇ ಹೋಗಬೇಕು, ಹೆಸರು 255 ಬೈಟ್ ಮೀರಬಾರದು. ಎರಡು ಸಾಲಿನ ತಪಾಸಣೆ.

‘ಇಷ್ಟು ಸಾಕು’ ಅನ್ನುವುದನ್ನು ತುಂಬಾ ಚೆನ್ನಾಗಿ, ತಿಳಿದೇ ಬಳಸಿದವರೂ ಇದ್ದಾರೆ. ಸ್ವೀಡನ್ನಿನ ಆಡಮ್ ಡಂಕೆಲ್ಸ್ 2000ದ ದಶಕದ ಆರಂಭದಲ್ಲಿ ಯುಐಪಿ ಅನ್ನುವ ಪುಟ್ಟ ಟಿಸಿಪಿ/ಐಪಿ ಲೈಬ್ರರಿ ಬರೆದರು. 8 ಬಿಟ್ ಚಿಪ್ಪುಗಳಲ್ಲಿ ಇಂಟರ್ನೆಟ್ ಪ್ರೋಟೋಕಾಲ್ ಓಡುವುದೇ ಇಲ್ಲ ಅಂತ ಬಹಳ ಜನ ನಂಬಿದ್ದ ಕಾಲ. ಜಾಗ ಉಳಿಸಲು ಅವರು ಒಂದು ಕನೆಕ್ಷನ್‌ನಲ್ಲಿ ಒಂದೇ ಪ್ಯಾಕೆಟ್ ಹೊರಗಿಟ್ಟರು. ಅದು ತಲುಪಿದ ಸುದ್ದಿ ಬರುವವರೆಗೆ ಮುಂದಿನದು ಹೋಗುವುದಿಲ್ಲ. ಆದರೆ ಆ ಕಡೆಯ ದೊಡ್ಡ ಕಂಪ್ಯೂಟರು ಎರಡು ಪ್ಯಾಕೆಟ್ ಬಂದ ಮೇಲೆ ಒಟ್ಟಿಗೆ ಉತ್ತರ ಕೊಡೋಣ ಅಂತ ಸಾಮಾನ್ಯವಾಗಿ 200 ಮಿಲಿಸೆಕೆಂಡ್‌ನಷ್ಟು ಕಾಯುತ್ತದೆ. ಇವನು ಅವನಿಗೆ ಕಾಯುತ್ತಾನೆ, ಅವನು ಇವನಿಗೆ. ಸೆಕೆಂಡಿಗೆ ಐದೇ ಪ್ಯಾಕೆಟ್. ಕಂಟಿಕಿಯಲ್ಲಿ ಇದಕ್ಕೊಂದು ಚಿಕ್ಕ ಮಾಡ್ಯೂಲ್ ಇತ್ತು. ಹೋಗಬೇಕಾದ ದೊಡ್ಡ ಪ್ಯಾಕೆಟ್ಟನ್ನು ಎರಡು ತುಂಡು ಮಾಡಿ ಕಳಿಸುತ್ತದೆ, ಅಷ್ಟೇ. ಆ ಕಡೆಗೆ ಎರಡು ಬಂದವು, ಕೂಡಲೇ ಉತ್ತರ. ಮೆಮೊರಿ ಒಂದಿಷ್ಟೂ ಜಾಸ್ತಿ ಬೇಡ. ಆ ಕೋಡನ್ನು ಮೊದಲ ಸಲ ಓದಿದ ದಿನ ಮನೆಯವಳನ್ನು ಕೂರಿಸಿಕೊಂಡು ಎರಡು ಲೋಟ ಇಟ್ಟು ವಿವರಿಸಿದ್ದೆ.

ಅದೇ ಯುಐಪಿಯಲ್ಲೇ 2020ರ ಡಿಸೆಂಬರಿನಲ್ಲಿ ದೋಷಗಳು ಹೊರಬಂದವು. ಆಮ್ನೇಶಿಯಾ:33 ಅಂತ ಅದರ ಹೆಸರು. ಯುಐಪಿ, ಪಿಕೋಟಿಸಿಪಿ, ಎಫ್‌ನೆಟ್, ನಟ್/ನೆಟ್ ಎಂಬ ನಾಲ್ಕು ಲೈಬ್ರರಿಗಳಲ್ಲಿ ಒಟ್ಟು 33 ದೋಷ. ಹೆಚ್ಚಿನವು ನಾನು ಮೇಲೆ ಹೇಳಿದ ಜಾತಿಯವೇ: ಉದ್ದ ನೋಡದೆ ನಂಬಿದ್ದು, ಗಡಿ ದಾಟಿ ಓದಿದ್ದು. ನನ್ನನ್ನು ಕಾಡಿದ್ದು 33 ಅನ್ನುವ ಸಂಖ್ಯೆಯಲ್ಲ. ಈ ಕೋಡ್ ಯಾವ ಯಾವ ಯಂತ್ರದ ಹೊಟ್ಟೆಯಲ್ಲಿದೆ ಅನ್ನುವ ಪೂರ್ತಿ ಪಟ್ಟಿ ಯಾರ ಹತ್ತಿರವೂ ಇಲ್ಲ. ಒಳ್ಳೆಯ ಕೋಡ್ ಅಂತ ಪ್ರತಿ ಮಾಡಿಕೊಂಡರು, ತಮಗೆ ಬೇಕಾದ ಹಾಗೆ ತಿದ್ದಿದರು, ಚಿಪ್ಪಿಗೆ ಸುಟ್ಟು ಮಾರಿದರು. ಮೂಲದಲ್ಲಿ ಎರಡು ಸಾಲು ಸರಿಮಾಡಿದರೆ ಅದು ಆ ಪ್ರತಿಗಳಿಗೆ ತಾನಾಗಿ ಹೋಗುವುದಿಲ್ಲ. ನಾವು ಪ್ಯಾಚ್ ಮರ್ಜ್ ಆದ (ಮೂಲ ಕೋಡಿಗೆ ಸೇರಿದ) ದಿನ ಕೆಲಸ ಮುಗಿಯಿತು ಅಂತ ಎದ್ದುಬಿಡುತ್ತೇವೆ. ಯಾರದೋ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಸಾಲು ಹಾಗೇ ಓಡುತ್ತಿರುತ್ತದೆ.

ಸರಿಮಾಡುವುದು ಒಂದು, ಉತ್ತಮಪಡಿಸುವುದು ಇನ್ನೊಂದು. ಎರಡನೆಯದರಲ್ಲಿ ಸರಿ ತಪ್ಪು ಅಷ್ಟು ಸ್ಪಷ್ಟ ಇರುವುದಿಲ್ಲ. ದೊಡ್ಡ ಪ್ಯಾಕೆಟ್ ತುಂಡಾಗಿ ಬಂದಾಗ ಅವನ್ನು ಕೂಡಿಸಲು 1280 ಬೈಟಿನ ಜಾಗ ಬೇಕು. 10 ಕಿಲೋಬೈಟಿನಲ್ಲಿ ಅಂಥದ್ದು ಒಂದೇ ಇಡಲು ಸಾಧ್ಯ. ಒಂದು ತುಂಡು ಗಾಳಿಯಲ್ಲಿ ಕಳೆದರೆ? ಉಳಿದ ತುಂಡುಗಳು ಆ ಜಾಗ ಹಿಡಿದುಕೊಂಡು ಕೂರುತ್ತವೆ. 60 ಸೆಕೆಂಡಿನವರೆಗೆ ಕಾಯಬಹುದು ಅಂತ ನಿಯಮ. ಅಷ್ಟು ಹೊತ್ತು ಬೇರೆ ಯಾರ ದೊಡ್ಡ ಪ್ಯಾಕೆಟ್ಟಿಗೂ ಬಾಗಿಲಿಲ್ಲ. ಹೊಸದು ಬಂದ ಕೂಡಲೇ ಹಳೆಯದನ್ನು ಎಸೆಯೋಣ ಅಂದರೆ, ಕೆಟ್ಟ ಉದ್ದೇಶದವನು ಬರೀ ಮೊದಲ ತುಂಡುಗಳನ್ನು ಕಳಿಸುತ್ತಾ ಇದ್ದು ಒಳ್ಳೆಯ ಪ್ಯಾಕೆಟ್ ಯಾವುದೂ ಪೂರ್ತಿಯಾಗದ ಹಾಗೆ ಮಾಡಬಹುದು. ನಾನು ಹಾಕಿದ್ದು ನಡುವಿನ ದಾರಿ. ಮೂರು ಸೆಕೆಂಡಿನಿಂದ ಹೊಸ ತುಂಡು ಬರದೇ ಇದ್ದರೆ ಮಾತ್ರ ಜಾಗ ಬಿಟ್ಟುಕೊಡಬೇಕು. ಕೊನೆಯ ತುಂಡು ಬಂದ ಹೊತ್ತು ನೆನಪಿಡಲು ನಾಲ್ಕು ಬೈಟ್ ಬೇಕು. ಆ ನಾಲ್ಕು ಬೈಟಿನ ಮೇಲೆ ಎರಡು ವಾರ ಚರ್ಚೆ ನಡೆಯಿತು. ಪ್ರತಿ ಬೈಟಿಗೂ ಕಾರಣ ಕೇಳುವ ಜನರ ನಡುವೆ ಕೆಲಸ ಮಾಡುವುದು ನನಗೆ ಇಷ್ಟ. ಆ ಮೂರು ಸೆಕೆಂಡ್ ಸರಿಯಾದ ಸಂಖ್ಯೆಯಾ? ನಮ್ಮ ತೋಟದಲ್ಲಿ ಸರಿ. ಅದನ್ನು ಹಾಗೆಯೇ ಕಾಮೆಂಟಿನಲ್ಲಿ ಬರೆದಿದ್ದೇನೆ, ಎಲ್ಲಿ ಅಳೆದದ್ದು, ಎಷ್ಟು ಬೋರ್ಡು, ನಡುವೆ ಎಷ್ಟು ದೂರ ಅಂತ. ಮುಂದೆ ಓದುವವರಿಗೆ ನನ್ನ ಲೆಕ್ಕ ಸಿಗಲಿ, ಬೇಡವಾದರೆ ಬದಲಿಸಲಿ.

ಪ್ಯಾಚ್ ಮರ್ಜ್ ಆದ ಮೇಲೆ ಊರಿಗೆ ಹೋದೆ. ಪಂಪ್‌ಸೆಟ್ ಮನೆಯ ಕಟ್ಟೆಯ ಮೇಲೆ ಕೂತು, ಲ್ಯಾಪ್‌ಟಾಪಿನ ಕೇಬಲ್ ಚುಚ್ಚಿ ಹೊಸ ಕೋಡ್ ಹಾಕಿದೆ. ಮೊದಲು ಟೆಸ್ಟ್ ಬಿಲ್ಡ್. ಒಂದು ನಿಮಿಷಕ್ಕೆ ಕೌಂಟರ್ ಸುತ್ತಿತು, ಮೋಟರ್ ಓಡುತ್ತಲೇ ಇತ್ತು. ಆಮೇಲೆ ನಿಜವಾದ ಬಿಲ್ಡ್ ಹಾಕಿದೆ. ಕಾಯುವ ಅಗತ್ಯ ಇರಲಿಲ್ಲ, ಆದರೂ ಅಲ್ಲೇ ಕೂತೆ. ಮಾವ ಒಂದು ಚೊಂಬು ಮಜ್ಜಿಗೆ ತಂದು ಪಕ್ಕದಲ್ಲಿ ಕೂತರು. ಎಪ್ಪತ್ತೊಂದು ನಿಮಿಷ ಕಳೆಯಿತು. ಎಪ್ಪತ್ತೆರಡಾಯಿತು. ಸ್ಪ್ರಿಂಕ್ಲರಿನ ಟಕಟಕ ಸದ್ದು ನಿಲ್ಲಲಿಲ್ಲ.

“ಆಯ್ತಾ?” ಅಂದರು ಮಾವ.

“ಇಲ್ಲಿಗೆ ಆಯ್ತು ಮಾವ. ಇಂಥದ್ದೇ ಇನ್ನೊಂದು ಪೆಟ್ಟಿಗೆ ಹೊಳೆ ಆಚೆ ಶೇಷಣ್ಣನ ತೋಟಕ್ಕೆ ಕೊಟ್ಟಿದ್ದೆ. ಅವರು ಏನೂ ಹೇಳಿಲ್ಲ.”

“ಅವನು ಮೋಟರ್ ನಿಂತರೆ ಹೋಗಿ ಮತ್ತೆ ಹಾಕಿ ಬರ್ತಾನೆ. ಯಾರಿಗೆ ಹೇಳ್ತಾನೆ?”

ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡೆ. ಮಾವ ಸ್ಕೂಟರಿನ ಕೀ ತರಲು ಒಳಗೆ ಹೋದರು.